ಹನುಮಂತನಗರದ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಬೇಕೇ?

ವಿಂಡೋಸ್ 10ಕ್ಕೆ ಮಾಮೂಲಿನಂತೆ ಬರುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿರುವುದು 2014ರಲ್ಲಿ ಎಸ್‌ಪಿ ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್, ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5. ವಿಂಡೋಸ್ 11ಕ್ಕೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇದರಲ್ಲಿ ಎರಡೂ ಇಲ್ಲ. ಹಾಗಾಗಿ ಲಿನಕ್ಸ್‌ನ ಮಾತು ಬಂತು, ಅದು ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಅಪ್ಪ ಇದರಲ್ಲೇ ಬ್ಯಾಂಕ್ ನೋಡುತ್ತಾರೆ, ಅಕ್ಕ ಇದರಲ್ಲೇ ಡಿಟಿಪಿ, ಅಂದರೆ ಅಚ್ಚಿಗೆ ಪುಟ ಜೋಡಿಸುವ ಕೆಲಸ, ಮಾಡುತ್ತಾಳೆ. ಲಿನಕ್ಸ್ ಹಾಕೋಣ ಎಂದು ತಮ್ಮ ಬರೆದಿದ್ದಾನೆ, ಬೇಡ ಎಂದು ಅಕ್ಕ.

ಪರ: ತಮ್ಮ

ಅಪ್ಪ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಮೊದಲು ಮಾಡುವ ಕೆಲಸ ಬ್ಯಾಂಕಿನ ಪುಟ ತೆರೆದು ಪಿಂಚಣಿ ಜಮೆಯಾಗಿದೆಯೇ ನೋಡುವುದು. ಮೂವತ್ತೈದು ವರ್ಷ ದುಡಿದು ಉಳಿಸಿದ ಹಣದ ಬೀಗದ ಕೈ ಆ ಕೀಬೋರ್ಡಿನಲ್ಲಿ ಒತ್ತುವ ಪಾಸ್‌ವರ್ಡ್. ನನ್ನ ಆತಂಕ ಶುರುವಾಗುವುದು ಅಲ್ಲಿಂದ.

"ಇಷ್ಟು ವರ್ಷ ಏನೂ ಆಗಿಲ್ಲವಲ್ಲೋ" ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆಗಲಿಲ್ಲ ನಿಜ. ಪ್ರತಿ ತಿಂಗಳ ಎರಡನೇ ಮಂಗಳವಾರ ಹೊರಬೀಳುವ ಭದ್ರತಾ ಅಪ್‌ಡೇಟ್‌ಗಳು, ಅಂದರೆ ತೂತು ಮುಚ್ಚುವ ತೇಪೆಗಳು, ತಾವಾಗಿ ಬಂದು ಕೂರುತ್ತಿದ್ದವು, ಅದಕ್ಕೇ ಆಗಲಿಲ್ಲ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹಳಷ್ಟು ಒಂದೇ. 11ಕ್ಕೆ ತೇಪೆ ಬಂದ ದಿನ ಕನ್ನ ಹಾಕುವವರು ಅದನ್ನು ಬಿಚ್ಚುತ್ತಾರೆ, ಮುಂಚೆ ಹೇಗಿತ್ತು, ಈಗ ಏನು ಬದಲಾಯಿತು ಎಂದು ಸಾಲುಸಾಲಾಗಿ ಹೋಲಿಸುತ್ತಾರೆ. ತೂತು ಎಲ್ಲಿತ್ತು ಎಂಬುದನ್ನು ತೇಪೆಯೇ ತೋರಿಸಿಕೊಡುತ್ತದೆ. 10ರಲ್ಲಿ ಆ ತೂತು ಹಾಗೇ ಬಾಯಿಬಿಟ್ಟುಕೊಂಡು ಕೂತಿರುತ್ತದೆ. ಅಂದರೆ ತಿಂಗಳು ಕಳೆದಂತೆಲ್ಲ ಹಳೆಯ ಯಂತ್ರ ಇದ್ದಷ್ಟೇ ಅಪಾಯದಲ್ಲಿ ಇರುವುದಿಲ್ಲ, ಅಪಾಯ ಬೆಳೆಯುತ್ತಾ ಹೋಗುತ್ತದೆ.

2017ರ ವನ್ನಾಕ್ರೈ ಎಂಬ ಕಂಪ್ಯೂಟರ್ ದಾಳಿ ನೆನಪಿಸಿಕೊಳ್ಳಿ. ಅದು ನುಗ್ಗಿದ ತೂತಿಗೆ ಮಾರ್ಚ್ 14ರಂದೇ ತೇಪೆ ಸಿಕ್ಕಿತ್ತು. ಮೇ 12ರಂದು ದಾಳಿಯಾಯಿತು. ಎರಡು ತಿಂಗಳೂ ತುಂಬಿರಲಿಲ್ಲ, ತೇಪೆ ಹಾಕಿಕೊಳ್ಳದ ಲಕ್ಷಾಂತರ ಯಂತ್ರಗಳ ಫೈಲುಗಳಿಗೆ ಬೀಗ ಬಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಅಲ್ಲಿ ತೇಪೆ ಇತ್ತು, ಹಾಕಿಕೊಂಡಿರಲಿಲ್ಲ. ನಮಗೆ ಮಾಮೂಲಿನ ತೇಪೆಯೇ ಬರುವುದಿಲ್ಲ. ಮನೆಬಳಕೆಯವರಿಗೆ ಎಂದು ಮೈಕ್ರೋಸಾಫ್ಟ್ ಘೋಷಿಸಿದ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ. ಅದು ಒಂದು ವರ್ಷದ ವಾಯಿದೆ, ಅಷ್ಟೇ.

ಲಿನಕ್ಸ್ ಅಂದರೆ ಕಪ್ಪು ಪರದೆ, ಬಿಳಿ ಅಕ್ಷರ ಎಂದು ಹೆದರುವವರಿಗೆ ಒಂದು ಭಾನುವಾರ ನಮ್ಮ ಹಾಲ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಲಿನಕ್ಸ್‌ನಲ್ಲೇ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಅನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿದ್ದೆ. ಇದರ ಅನುಕೂಲ ಏನೆಂದರೆ ಪೆನ್‌ಡ್ರೈವಿನಿಂದಲೇ ನಡೆಯುತ್ತದೆ, ಒಳಗಿನ ಡಿಸ್ಕನ್ನು ಮುಟ್ಟುವುದೇ ಇಲ್ಲ. ಬೇಡವೆನಿಸಿದರೆ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಪರದೆ ಬಂತು, ಕೆಳಗೆ ಎಡಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ಅಪ್ಪ ಫೈರ್‌ಫಾಕ್ಸ್ ಚಿತ್ರ ನೋಡಿ ತಾವೇ ಒತ್ತಿ ಪತ್ರಿಕೆ ಓದತೊಡಗಿದರು.

ಆಮೇಲೆ ಸ್ಕ್ಯಾನರ್. ಇದರ ಕಥೆ ಸ್ವಲ್ಪ ದೊಡ್ಡದು. ಅಕ್ಕನ ಹತ್ತಿರ ಇರುವ ಹಳೆಯ ಎ4 ಸ್ಕ್ಯಾನರಿಗೆ ಸಿಕ್ಕಿದ್ದು 32 ಬಿಟ್ ಡ್ರೈವರ್ ಮಾತ್ರ. 64 ಬಿಟ್ ವಿಂಡೋಸ್‌ನಲ್ಲಿ ಅದು ನಡೆಯುವುದಿಲ್ಲ, ಅದೊಂದರ ಸಲುವಾಗಿ ನಮ್ಮ ವಿಂಡೋಸ್ ಮೊದಲಿನಿಂದಲೂ 32 ಬಿಟ್, ನಾಲ್ಕು ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸಲಾರದ್ದು. ನಾನು 8 ಜಿಬಿ ರ‍್ಯಾಮ್ ತಂದು ಹಾಕಿದರೂ ಅದಕ್ಕೆ ಕಾಣುತ್ತಿದ್ದುದು ಮೂರೂ ಚಿಲ್ಲರೆ ಜಿಬಿ. ಉಳಿದದ್ದು ಸುಮ್ಮನೆ ಬಿದ್ದಿತ್ತು. ಮಿಂಟ್‌ನಲ್ಲಿ ಸ್ಕ್ಯಾನರಿನ ವೈರ್ ಚುಚ್ಚಿದೆ. ಸಿಡಿ ಇಲ್ಲ, ಡ್ರೈವರ್ ಹುಡುಕಾಟ ಇಲ್ಲ. ಸ್ಕ್ಯಾನರುಗಳಿಗೆಂದೇ ವರ್ಷಗಟ್ಟಲೆಯಿಂದ ಸ್ವಯಂಸೇವಕರು ಕಟ್ಟಿಕೊಂಡು ಬಂದ 'ಸೇನ್' ಎಂಬ ವ್ಯವಸ್ಥೆ ಅದನ್ನು ತಾನೇ ಗುರುತು ಹಿಡಿಯಿತು. ಅಜ್ಜಿಯ ಮದುವೆ ಫೋಟೋ ಗಾಜಿನ ಮೇಲಿಟ್ಟು ಗುಂಡಿ ಒತ್ತಿದೆ, ದೀಪ ಸರಿದುಕೊಂಡು ಹೋಯಿತು, ಪರದೆಯ ಮೇಲೆ ಅಜ್ಜಿ ಬಂದರು. 8 ಜಿಬಿಯೂ ಪೂರ್ತಿ ಕಂಡಿತು.

ಕನ್ನಡ? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅಕ್ಕನ ಬೆರಳಿಗೆ ಕಣ್ಣುಮುಚ್ಚಿದರೂ ಬರುವಂಥದ್ದು, ಲಿನಕ್ಸ್‌ನಲ್ಲೂ ಇದೆ. ಎ, ಕೆ, ಎಫ್, ಕೆ ಒತ್ತಿದೆ. 'ಅಕ್ಕ' ಎಂದು ಮೂಡಿತು. ಗುಬ್ಬಿ, ನವಿಲು ಎಂಬ ಕನ್ನಡದ ಮುಕ್ತ ಫಾಂಟ್‌ಗಳು ಕಾಸಿಲ್ಲದೆ ಸಿಗುತ್ತವೆ.

ಅಕ್ಕನ ಹಳೆಯ ಫೈಲುಗಳ ಬಗ್ಗೆ ನನಗೆ ಗೊತ್ತು. ಅದಕ್ಕೇ ವಿಂಡೋಸನ್ನು ಅಳಿಸು ಎನ್ನುತ್ತಿಲ್ಲ. ಡಿಸ್ಕಿನಲ್ಲಿ ಅದಕ್ಕೊಂದು ಭಾಗ ಇರಲಿ, ನೆಟ್ ಬಂದ್ ಮಾಡಿ ಇಡೋಣ. ಬೇಕಾದಾಗ ರೀಸ್ಟಾರ್ಟ್ ಮಾಡಿ ಅದರೊಳಗೆ ಹೋಗಲಿ. ಕಂಪ್ಯೂಟರನ್ನೇ ನೆಟ್‌ನಿಂದ ಕಿತ್ತು, ಇದ್ದಂತೆಯೇ ಇಟ್ಟುಕೊಂಡರೆ ಸಾಕು ಎಂದು ಅವಳು ಹೇಳಬಹುದು. ಗಿರಾಕಿಗಳ ಪೆನ್‌ಡ್ರೈವ್ ದಿನಕ್ಕೆ ನಾಲ್ಕು ಬರುತ್ತವಲ್ಲ? 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ಹುಳ ಇಂಟರ್‌ನೆಟ್ಟೇ ಇಲ್ಲದ ಕಡೆಗೂ ಹಬ್ಬಿದ್ದು ಪೆನ್‌ಡ್ರೈವ್ ಹತ್ತಿಕೊಂಡು.

ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಒಂದು ರೂಪಾಯಿ ಖರ್ಚಿಲ್ಲ. ಹದಿನೈದನೇ ವರ್ಷಕ್ಕೂ ಓಡಬಲ್ಲ ಗಟ್ಟಿ ಯಂತ್ರವನ್ನು ಗುಜರಿಗೆ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಅಪ್ಪನ ಪಾಸ್‌ವರ್ಡನ್ನು ಬಾಗಿಲಿಲ್ಲದ ಮನೆಯಲ್ಲಿ ಇಡಲಂತೂ ಆಗುವುದೇ ಇಲ್ಲ.

ವಿರೋಧ: ಅಕ್ಕ

ತಮ್ಮ ಹೇಳಿದ್ದರಲ್ಲಿ ಸುಳ್ಳಿಲ್ಲ. ಸ್ಕ್ಯಾನರ್ ಓಡಿದ್ದನ್ನು ನಾನೂ ನೋಡಿದೆ, ಅಜ್ಜಿಯ ಫೋಟೋ ಬಂದಾಗ ಅಮ್ಮನ ಜೊತೆ ನಾನೂ ಅತ್ತೆ. 'ಅಕ್ಕ' ಎಂದು ಮೂಡಿದ್ದೂ ನಿಜ. ಆದರೆ ಅವನು ಟೈಪ್ ಮಾಡಿ ತೋರಿಸಿದ ಆ ಕನ್ನಡ ಬೇರೆ, ನನ್ನ ಫೈಲುಗಳ ಒಳಗಿರುವ ಕನ್ನಡ ಬೇರೆ.

ನಾನು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು ಮಾಡುವವಳು. ಮನೆಯಲ್ಲಿ ಪುಟ ಕೂರಿಸಿ ಟ್ರೇಸಿಂಗ್, ಅಂದರೆ ಅಚ್ಚಿಗೆ ಕೊಡುವ ಅರೆಪಾರದರ್ಶಕ ಹಾಳೆಯ ಪ್ರಿಂಟು, ತೆಗೆದು ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಕೊಡುತ್ತೇನೆ. ನನ್ನ ಫೈಲುಗಳೆಲ್ಲ ನುಡಿ ಎಂಬ ಕನ್ನಡ ಸಾಫ್ಟ್‌ವೇರಿನ ಹಳೆಯ ಆಸ್ಕಿ ಅಕ್ಷರಗಳಲ್ಲಿ ಇವೆ. ಹಾಗೆಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಫೈಲಿನಲ್ಲಿ 'ಕನ್ನಡ' ಎಂಬ ಪದ ಕನ್ನಡವಾಗಿ ಇರುವುದೇ ಇಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟು ಇರುವ ಎ, ಪೌಂಡಿನ ಗುರುತು, ಮತ್ತೆ ಆ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೆ ಆ ಎ, ಹೀಗೆ ಏಳು ಗುರುತುಗಳು ಸಾಲಾಗಿ ಇರುತ್ತವೆ. ಅವುಗಳ ಮೇಲೆ ಸರಿಯಾದ ಫಾಂಟ್ ಹೊದಿಸಿದಾಗ ಮಾತ್ರ ಕಣ್ಣಿಗೆ 'ಕನ್ನಡ' ಕಾಣುತ್ತದೆ. ಪೇಜ್‌ಮೇಕರ್, ಹಳೆಯ ಕೋರಲ್ ಡ್ರಾ ಎಂಬ ಪುಟ ಜೋಡಿಸುವ ಸಾಫ್ಟ್‌ವೇರುಗಳಿಗೆ, ಈಗ ಫೋನಿನಲ್ಲೂ ವೆಬ್‌ನಲ್ಲೂ ಬಳಸುವ ಅಕ್ಷರ ವ್ಯವಸ್ಥೆಯಾದ ಯುನಿಕೋಡ್‌ನ ಒತ್ತಕ್ಷರ ಕೂರಿಸಲು ಬರುತ್ತಿರಲಿಲ್ಲ, ಅದಕ್ಕೇ ನಮ್ಮ ಕಸುಬು ಈ ದಾರಿ ಹಿಡಿಯಿತು. ಕಾರ್ಡಿಗೆ ಒಪ್ಪುವ ಅಲಂಕಾರದ ಅಕ್ಷರ ನನ್ನ ಹತ್ತಿರ ಇರುವುದೆಲ್ಲ ಈ ಬಗೆಯದೇ.

ಹಾಗಾದರೆ ಪರಿವರ್ತಿಸಿಕೊಂಡರೆ ಆಯಿತಲ್ಲ ಎನ್ನುತ್ತಾರೆ. ಪರಿವರ್ತಿಸಿ ನೋಡಿದವಳು ನಾನು. ಕಳೆದ ಮಾಘದಲ್ಲಿ ಒಂದು ಹಳೆಯ ಪತ್ರಿಕೆಯ ಒಕ್ಕಣೆಯನ್ನು ಯುನಿಕೋಡ್ ಮಾಡಿ ಹೊಸ ಕಾರ್ಡಿಗೆ ಹಾಕಿದೆ. ಕೊನೆಯ ಸಾಲು ಎಲ್ಲರಿಗೂ ಗೊತ್ತಿರುವುದೇ, ನಿಮ್ಮ ಆಶೀರ್ವಾದವೇ ಉಡುಗೊರೆ. ರಾತ್ರಿ ಹನ್ನೊಂದಕ್ಕೆ ಟ್ರೇಸಿಂಗ್ ತೆಗೆದು ದೀಪದ ಎದುರು ಹಿಡಿದರೆ 'ಆಶೀವಾರ್ದವೇ' ಎಂದಿದೆ. ಆಸ್ಕಿಯಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ 'ವಾ' ಆದಮೇಲೆ, ಬರೆದಿಟ್ಟಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ತಂದು ಕೂರಿಸದೆ ಇದ್ದಲ್ಲೇ ಬಿಟ್ಟರೆ ರಕಾರ ಮುಂದಿನ 'ದ'ಕ್ಕೆ ಅಂಟಿಕೊಳ್ಳುತ್ತದೆ. ಒಳ್ಳೆಯ ಪರಿವರ್ತಕಗಳು ಸರಿಯಾಗಿಯೇ ಮಾಡುತ್ತವೆ, ಆದರೆ ಮಾಡಿದೆಯೋ ಇಲ್ಲವೋ ಎಂದು ಪ್ರತಿ ಸಾಲು ಓದಿ ನೋಡಬೇಕಾದವಳು ನಾನು. ಅವತ್ತು ಕಣ್ಣಿಗೆ ಬಿತ್ತು, ಉಳಿದುಕೊಂಡೆ. ಸಾವಿರ ಕಾರ್ಡು ಅಚ್ಚಾಗಿ, ಮದುವೆ ಮನೆಯವರು ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಡುವ ಮೊದಲ ಪತ್ರಿಕೆಯಲ್ಲಿ ಆಶೀರ್ವಾದವೇ ಮುರಿದಿದ್ದರೆ ಅವರಿಗೆ ನಾನು ಏನು ಹೇಳಲಿ? ಹನ್ನೊಂದು ವರ್ಷದ ಫೈಲುಗಳಿವೆ. ಅಣ್ಣನ ಮದುವೆ ಕಾರ್ಡು ಮಾಡಿಸಿಕೊಂಡ ಮನೆಯವರು ಎಂಟು ವರ್ಷದ ಮೇಲೆ ತಂಗಿಯ ಮದುವೆಗೆ ಬಂದು "ಅದೇ ಥರ ಮಾಡಿಕೊಡಿ ಮೇಡಂ" ಎನ್ನುತ್ತಾರೆ. ನನ್ನ ಗಿರಾಕಿ ನಿಂತಿರುವುದೇ ಆ ಮಾತಿನ ಮೇಲೆ.

ಕೋರಲ್ ಡ್ರಾ ಲಿನಕ್ಸ್‌ಗೆ ಇಲ್ಲ. ಅದರ ಬದಲಿಗೆ ಲಿನಕ್ಸ್‌ನಲ್ಲಿ ಸಿಗುವ ಇಂಕ್‌ಸ್ಕೇಪ್ ಕೋರಲ್ ಫೈಲನ್ನು ತೆರೆಯುತ್ತದೆ, ಗಣಪತಿಯ ಚಿತ್ರ ಬರುತ್ತದೆ, ಅಕ್ಷರ ಮಾತ್ರ ಕೂರಿಸಿದ ಜಾಗದಲ್ಲಿ ಕೂರುವುದಿಲ್ಲ. ಫಾಂಟ್ ಸಾಫ್ಟ್‌ವೇರಿಗೆ ಯುಎಸ್‌ಬಿಯಲ್ಲಿ ಚುಚ್ಚುವ ಒಂದು ಲಾಕ್ ಇದೆ, ಅದು ವಿಂಡೋಸ್‌ಗೆಂದೇ ಮಾಡಿದ್ದು.

ಎರಡೂ ಇಟ್ಟುಕೋ ಎನ್ನುತ್ತಾನೆ ತಮ್ಮ. ಗಿರಾಕಿ ಬಾಗಿಲಲ್ಲಿ ನಿಂತು "ಮುಹೂರ್ತದ ಟೈಮ್ ಬದಲಾಯಿತು, ಒಂದೇ ಸಾಲು" ಎನ್ನುವಾಗ ಅಪ್ಪ ಅರ್ಧ ತುಂಬಿದ ಬ್ಯಾಂಕಿನ ಫಾರಂ ಮುಚ್ಚಿಸಿ ರೀಸ್ಟಾರ್ಟ್ ಮಾಡಬೇಕು. ದಿನಕ್ಕೆ ಒಂದು ಸಲವಾದರೆ ಸರಿ, ವೈಶಾಖದಲ್ಲಿ ದಿನಕ್ಕೆ ಇಪ್ಪತ್ತು ಸಲ. ಜೊತೆಗೆ, ನನ್ನ ಹನ್ನೊಂದು ವರ್ಷ ಕೂತಿರುವ ಡಿಸ್ಕನ್ನೇ ಕುಗ್ಗಿಸಿ ಜಾಗ ಮಾಡಬೇಕು. ಒಮ್ಮೆ ನಮ್ಮ ರಸ್ತೆಯ ರಿಪೇರಿ ಅಂಗಡಿಯವರು "ಡಿ ಡ್ರೈವ್‌ಗೆ ಏನೂ ಆಗಲ್ಲ" ಎಂದು ಹೇಳಿಯೇ ಫಾರ್ಮ್ಯಾಟ್ ಮಾಡಿದ್ದರು. ಎರಡು ವರ್ಷದ ಕೆಲಸ ಹೋಯಿತು. ಆಮೇಲೆ ನಾನು ಕಾಪಿ ಇಡಲು ಕಲಿತೆ, ಆದರೆ ಆ ಮಾತು ಕೇಳಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಕೇರಳದ ಶಾಲೆಗಳ ಉದಾಹರಣೆ ಒಳ್ಳೆಯದೇ. ಅಲ್ಲಿ ಸರ್ಕಾರವೇ ಅದಕ್ಕಾಗಿ ಸಂಸ್ಥೆ ಕಟ್ಟಿತು, ಮೇಷ್ಟರುಗಳಿಗೆ ತರಬೇತಿ ಕೊಟ್ಟಿತು. ನನಗೆ ಇರುವುದು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಒಬ್ಬ ತಮ್ಮ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಆಟೋ ಹಿಡಿದು ಅವನು ಬರುವಷ್ಟರಲ್ಲಿ ಪ್ರೆಸ್ಸಿನ ಬಾಗಿಲು ಮುಚ್ಚಿರುತ್ತದೆ. ವಿಂಡೋಸ್ ಕೆಟ್ಟರೆ ಈ ಏರಿಯಾದಲ್ಲಿ ಯಾರನ್ನು ಕೇಳಿದರೂ ಏನಾದರೊಂದು ದಾರಿ ಹೇಳುತ್ತಾರೆ. ಲಿನಕ್ಸ್ ಗೊತ್ತಿರುವವರು ಈ ಊರಿನಲ್ಲಿ ಸಾವಿರಾರು ಜನ ಇದ್ದಾರೆ, ನನ್ನ ರಸ್ತೆಯಲ್ಲಿ ನನಗೆ ಒಬ್ಬರೂ ಸಿಕ್ಕಿಲ್ಲ.

ಅಪ್ಪನ ಬ್ಯಾಂಕಿನ ವಿಷಯದಲ್ಲಿ ಅವನ ಭಯ ನನಗೂ ಇದೆ. ಅದರಲ್ಲಿ ಅವನಿಗೆ ಎದುರಾಡುವುದಿಲ್ಲ. ಆದರೆ ಅದಕ್ಕೆ ಮದ್ದು ಬ್ಯಾಂಕನ್ನು ಈ ಕಂಪ್ಯೂಟರಿನಿಂದ ಹೊರಗೆ ಕಳಿಸುವುದು. ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಅಪ್ಪನಿಗೆ ತೆಗೆದುಕೊಡೋಣ, ಅರ್ಧ ದುಡ್ಡು ನಾನು ಹಾಕುತ್ತೇನೆ. ಅದರಲ್ಲಿ ಅವನ ಮಿಂಟ್ ಬೇಕಾದರೂ ಹಾಕಲಿ, ಅಪ್ಪನಿಗೆ ಬೇಕಿರುವುದು ಬ್ರೌಸರ್ ಒಂದೇ. ಗಿರಾಕಿಗಳ ಪೆನ್‌ಡ್ರೈವ್ ಬಗ್ಗೆ ಅವನು ಹೇಳಿದ್ದು ಸರಿ, ಅದು ನನಗೆ ಹೊಳೆದಿರಲಿಲ್ಲ. ಈಗ ಮ್ಯಾಟರ್ ಬಹುಪಾಲು ಫೋನಿಗೇ ಬರುತ್ತದೆ, ಅದನ್ನು ನೋಡಿಕೊಂಡು ನಾನೇ ಟೈಪ್ ಮಾಡುತ್ತೇನೆ. ಪೆನ್‌ಡ್ರೈವ್ ತಂದವರಿಗೆ ಇನ್ನು ಮುಂದೆ ಇಲ್ಲ ಎನ್ನುತ್ತೇನೆ. ಈ ಹಳೆಯ ಯಂತ್ರದ ನೆಟ್ ಕೇಬಲ್ ನಾನೇ ಕಿತ್ತಿಡುತ್ತೇನೆ.

ಯುನಿಕೋಡ್‌ಗೆ ಹೋಗಲೇಬೇಕು ಎಂಬುದು ನನಗೂ ಗೊತ್ತು. ಅಚ್ಚಿನ ಮನೆಯವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಆದರೆ ಆ ದಾಟುವಿಕೆಯನ್ನು ಆಪರೇಟಿಂಗ್ ಸಿಸ್ಟಮ್ಮಿನ ತಾರೀಕು ನೋಡಿ ಮಾಡಲು ಆಗುವುದಿಲ್ಲ, ಪಂಚಾಂಗ ನೋಡಿ ಮಾಡಬೇಕು. ಆಷಾಢದಲ್ಲಿ ಮುಹೂರ್ತವಿಲ್ಲ, ನನ್ನ ಕೈ ಖಾಲಿ ಇರುತ್ತದೆ. ತಮ್ಮ ಆಗ ಒಂದು ವಾರ ರಜೆ ಹಾಕಿ ಆ ಪೆನ್‌ಡ್ರೈವ್ ಹಿಡಿದುಕೊಂಡು ಬರಲಿ. ಡಿಸ್ಕ್ ಮುಟ್ಟದೆ ಅದರಲ್ಲೇ ಒಂದು ಲಗ್ನಪತ್ರಿಕೆ ಮೊದಲಿನಿಂದ ಕೂರಿಸೋಣ, ಟ್ರೇಸಿಂಗ್ ತೆಗೆದು ಪ್ರೆಸ್ಸಿನವರ ಕೈಗೆ ಕೊಟ್ಟು ಕೇಳೋಣ. ಅಲ್ಲಿಯವರೆಗೆ ಈ ಕಂಪ್ಯೂಟರಿಗೆ ಯಾರೂ ಏನೂ ಹಾಕುವುದು ಬೇಡ.