ಬೆಂಕಿ ಹತ್ತಲಿಲ್ಲ, ಕ್ಷಮಿಸಿ

ಸರ್ಕಾರವೇ ನಮ್ಮಂಥವರ ಹೊಟ್ಟೆಯ ಮೇಲೆ ಹೊಡೆದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಯಾರನ್ನಾದರೂ ಅಣಕಿಸಿ ಬರೆಯುವುದು ನನ್ನ ಕಸುಬು. ಈಗ ಅದಕ್ಕೂ ಕೈ ಹಾಕಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ: ‘ಅಗ್ನಿಶಾಮಕ ಸೇವಾ ಸಪ್ತಾಹದ ಅಂಗವಾಗಿ ಅಣಕು ಪ್ರದರ್ಶನ’. ಮಾಕ್ ಡ್ರಿಲ್ ಅನ್ನುವುದನ್ನು ಕನ್ನಡಕ್ಕೆ ತಂದ ಪುಣ್ಯಾತ್ಮ ತಾಲೀಮು ಅನ್ನಬಹುದಿತ್ತು. ಅಭ್ಯಾಸ ಅನ್ನಬಹುದಿತ್ತು. ಅವನು ಸತ್ಯವಂತ, ಅಣಕು ಅಂದ. ಅವರೇ ಅಣಕಿಸಿಕೊಂಡು, ಅದಕ್ಕೆ ಶಾಮಿಯಾನ ಹಾಕಿ, ಕುರ್ಚಿ ಇಟ್ಟು, ಲಘು ಉಪಾಹಾರವನ್ನೂ ಕೊಟ್ಟ ಮೇಲೆ ನನಗೆ ಉಳಿಯುವುದೇನು?

ವಿಷಯ ನಿಮಗೆ ಗೊತ್ತೇ ಇದೆ. ಆ ಪ್ರದರ್ಶನದ ವಿಡಿಯೊ ನಮ್ಮ ಪೇಟೆಯ ಗ್ರೂಪುಗಳಲ್ಲಿ ಇನ್ನೂ ಓಡಾಡುತ್ತಿದೆ. ನೋಡದೆ ಇರುವವರು ಇದ್ದರೆ ಅವರ ಮನೆಗೆ ನೆಟ್‌ವರ್ಕ್ ಇಲ್ಲ ಅಂತ ಅರ್ಥ. ಕೊಡಗಿನಲ್ಲಿ ಅಂಥವರು ಜಾಸ್ತಿಯೇ ಇದ್ದಾರೆ, ಅವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ.

ಶಾಲೆಯ ಮೈದಾನ. ಬೆಂಕಿ ಹಚ್ಚುವ ಮುಹೂರ್ತ ಮಧ್ಯಾಹ್ನ ಎರಡೂವರೆಗೆ. ಮುಖ್ಯ ಅತಿಥಿಗಳು ಬಂದದ್ದು ನಾಲ್ಕಕ್ಕೆ. ಅಲ್ಲಿಯವರೆಗೆ ಬೆಂಕಿ ಕಾಯಬೇಕು, ಮಕ್ಕಳು ಕಾಯಬೇಕು, ಯೂನಿಫಾರ್ಮ್ ಹಾಕಿ ಸಾಲಾಗಿ ನಿಂತ ಸಿಬ್ಬಂದಿ ಕಾಯಬೇಕು. ಮೋಡ ಮಾತ್ರ ಕಾಯಲಿಲ್ಲ. ಏಪ್ರಿಲ್ ಮಧ್ಯದಲ್ಲಿ ಕೊಡಗಿನ ಮಧ್ಯಾಹ್ನ ಹೇಗಿರುತ್ತದೆ ಅಂತ ಯಾವ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದ್ದರೂ ಹೇಳುತ್ತಿದ್ದ. ಮೂರೂಮುಕ್ಕಾಲಿಗೆ ಗುಡುಗು, ಆಮೇಲೆ ಸರಿಯಾಗಿ ಹತ್ತು ನಿಮಿಷ ಮಳೆ. ಅತಿಥಿಗಳು ಕಾರಿನಿಂದ ಇಳಿಯುವಾಗ ಮಳೆ ನಿಂತಿತ್ತು. ಕಬ್ಬಿಣದ ಟ್ರೇಯಲ್ಲಿ ಜೋಡಿಸಿದ್ದ ಸೌದೆ ಮಾತ್ರ ಕಾವೇರಿ ಸ್ನಾನ ಮುಗಿಸಿ ಬಂದಂತಿತ್ತು.

ಆಮೇಲೆ ನಡೆದದ್ದೇ ನಿಜವಾದ ಪ್ರದರ್ಶನ. ಬೆಂಕಿ ಆರಿಸುವುದಕ್ಕೆ ತರಬೇತಿ ಪಡೆದ ಆರು ಮಂದಿ ಕುಕ್ಕರುಗಾಲಿನಲ್ಲಿ ಕೂತು ಬೆಂಕಿ ಹಚ್ಚುವುದಕ್ಕೆ ಒದ್ದಾಡಿದರು. ಡೀಸೆಲ್ ಸುರಿದರು. ಊದಿದರು. ಒಬ್ಬರು ಟೋಪಿ ತೆಗೆದು ಗಾಳಿ ಹಾಕಿದರು. ಹೊಗೆ ಬಂತು, ಬೆಂಕಿ ಬರಲಿಲ್ಲ. ಹಿಂದಿನ ಸಾಲಿನಿಂದ ಯಾರೋ, “ಒಂಚೂರು ಪೆಟ್ರೋಲ್ ಹಾಕಿ ಸಾರ್,” ಅಂತ ಸಲಹೆ ಕೊಟ್ಟರು. ಕೊನೆಗೆ ಮಕ್ಕಳಿಗೆ ಹಂಚಲು ತಂದಿದ್ದ ‘ಬೆಂಕಿ: ಎಚ್ಚರ ವಹಿಸಿ’ ಕರಪತ್ರದ ಕಟ್ಟು ಬಿಚ್ಚಿ ಕೆಳಗೆ ತುರುಕಿದರು. ಒಳ್ಳೆಯ ಕಾಗದ. ತಕ್ಷಣ ಹತ್ತಿಕೊಂಡಿತು. ಒಂದು ಮೊಳ ಉರಿದು, ನೀರಿನ ಪೈಪು ಬಿಚ್ಚುವ ಮೊದಲೇ ತಾನಾಗಿಯೇ ಆರಿತು.

“ಚಪ್ಪಾಳೆ ಹೊಡೀರಿ ಮಕ್ಕಳೇ,” ಅಂದರು ಟೀಚರು. ಹೊಡೆದರು.

ಎಲ್ಲರೂ ಆ ಅಗ್ನಿಶಾಮಕದ ಹುಡುಗರನ್ನು ನೋಡಿ ನಗುತ್ತಿದ್ದಾರೆ. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಆದರೆ ನಗಬೇಕಾದದ್ದು ಕ್ಯಾಲೆಂಡರ್ ನೋಡಿ. ನಮ್ಮಲ್ಲಿ ಬೆಂಕಿಯ ಕಾಲ ಅಂದರೆ ಫೆಬ್ರವರಿ, ಮಾರ್ಚ್. ಬಾಣೆಯ, ಅಂದರೆ ಗದ್ದೆಯ ಮೇಲಿನ ಗುಡ್ಡದ ಜಾಗದ, ಹುಲ್ಲು ಹಪ್ಪಳದಂತೆ ಒಣಗಿರುತ್ತದೆ. ಕಾಡಿನಲ್ಲಿ ಲಂಟಾನ, ಒಣ ಬಿದಿರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು, ಅದರ ಬೆನ್ನಿಗೆ ಕಾಯಿ ಕಟ್ಟಿಸುವ ಬ್ಯಾಕಿಂಗ್ ಮಳೆಯೂ ಬಿದ್ದು, ಊರೆಲ್ಲ ತಂಪಾದ ಮೇಲೆ ಏಪ್ರಿಲ್ 14ಕ್ಕೆ ನಮಗೆ ಬೆಂಕಿಯ ಪಾಠ ಶುರುವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಪಠ್ಯಪುಸ್ತಕ ಹಂಚಿದ ಹಾಗೆ. ಅವತ್ತೇ ಕೊಡವರ ಹೊಸವರ್ಷ ಎಡಮ್ಯಾರ್, ಅವತ್ತೇ ಅಂಬೇಡ್ಕರ್ ಜಯಂತಿ, ಊರಿಗೆ ಊರೇ ರಜೆ.

ಆ ತಾರೀಕು ನಮ್ಮ ಅನುಕೂಲಕ್ಕೆ ಇಟ್ಟದ್ದಲ್ಲ, ಅದು ಬೇರೆ ಮಾತು. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಯುದ್ಧಕಾಲ. ಒಂದೇ ಹಡಗಿನಲ್ಲಿ ಹತ್ತಿಯ ಬೇಲು, ಸ್ಫೋಟಕ, ಚಿನ್ನದ ಗಟ್ಟಿ, ಎಲ್ಲ ತುಂಬಿದ್ದರು. ಹತ್ತಿಯ ಪಕ್ಕದಲ್ಲಿ ಮದ್ದು! ನಮ್ಮ ಸಂತೆಯಲ್ಲಿ ಸೌತೆಕಾಯಿಯನ್ನೂ ಒಣಮೀನನ್ನೂ ಒಂದೇ ಚೀಲಕ್ಕೆ ಹಾಕುವುದಿಲ್ಲ. ಹಡಗು ಸಿಡಿದಾಗ ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ಈ ಸಪ್ತಾಹ. ನನಗೆ ಇದರಲ್ಲಿ ಬಹಳ ಹಿಡಿಸಿದ ಭಾಗ ಇನ್ನೊಂದು. ಅಷ್ಟು ದೊಡ್ಡ ಅನಾಹುತವನ್ನು ಮರುದಿನ ವಿವರವಾಗಿ ಹೇಳಿದ್ದು ಜಪಾನಿಯರ ಕೈಯಲ್ಲಿದ್ದ ಸೈಗಾನ್ ರೇಡಿಯೊ. ಬ್ರಿಟಿಷರ ಸೆನ್ಸಾರು ಪತ್ರಕರ್ತರಿಗೆ ಬರೆಯಲು ಬಿಟ್ಟದ್ದು ಮೇ ತಿಂಗಳಲ್ಲಿ. ಜನರಿಗೆ ಕಾಲಕಾಲಕ್ಕೆ ಮಾಹಿತಿ ನೀಡುವ ನಮ್ಮ ಪರಂಪರೆ ಎಷ್ಟು ಹಳೆಯದು ನೋಡಿ.

ಮಾಹಿತಿ ಅಂದಾಗ ನೆನಪಾಯಿತು. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು, ಮರೆತಿಲ್ಲ ತಾನೇ? ತುರ್ತು ಸಂದೇಶದ ಪರೀಕ್ಷೆ. ನಮ್ಮ ಪಕ್ಕದ ಮನೆಯ ಅಜ್ಜಿ ಫೋನನ್ನು ಅಕ್ಕಿ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದರು. ತೆರೆದು ಓದಿದರೆ, ಇದು ಬರೀ ಪರೀಕ್ಷೆ, ನೀವು ಏನೂ ಮಾಡಬೇಕಾಗಿಲ್ಲ ಎಂಬ ಅರ್ಥದ ಒಕ್ಕಣೆ. ಇಡೀ ವಿಪತ್ತು ನಿರ್ವಹಣೆಯಲ್ಲಿ ನಮ್ಮ ಜನ ಚಾಚೂ ತಪ್ಪದೆ ಪಾಲಿಸಿದ ಸೂಚನೆ ಅದೊಂದೇ.

ಮಳೆಗಾಲದಲ್ಲಿ ಆ ಫೋನು ಕಿರುಚುವುದೂ ಇಲ್ಲ. ಮೊದಲು ಕರೆಂಟು ಹೋಗುತ್ತದೆ. ಅದರ ಹಿಂದೆಯೇ ಟವರಿನ ಬ್ಯಾಟರಿ ಹೋಗುತ್ತದೆ. ಮೂರನೇ ದಿನ ಸಿಗ್ನಲ್ ಬಂದಾಗ ಸಂದೇಶಗಳು ಒಂದರ ಮೇಲೊಂದು ಬೀಳುತ್ತವೆ: ಮೊನ್ನೆಯ ರೆಡ್ ಅಲರ್ಟ್, ನಿನ್ನೆಯ ಆರೆಂಜ್ ಅಲರ್ಟ್, ಇವತ್ತಿನ ರೀಚಾರ್ಜ್ ನೆನಪೋಲೆ. ಅಲರ್ಟ್ ನೋಡಿ ಗಾಬರಿಯಾಗುವ ಜನರೂ ನಾವಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ರೆಡ್. ನಮ್ಮ ತೋಟದವರಿಗೆ ಮಿಲಿಮೀಟರ್ ಅನ್ನುವುದು ಬಡಗಿಗಳ ಅಳತೆ. ಇಲ್ಲಿ ಮಳೆ ಅಂದರೆ ಇಂಚು. ಬೆಳಿಗ್ಗೆ ಎದ್ದು ಕಾಫಿಗೂ ಮೊದಲು ಮಳೆಮಾಪಕದ ನೀರು ಅಳೆದು, ಪುಸ್ತಕದಲ್ಲಿ ಬರೆದು, ಭಾವನಿಗೆ ಫೋನ್ ಮಾಡುವುದು. “ನಿಮ್ಮಲ್ಲಿ ಎಷ್ಟು?” “ಎಂಟು.” “ನಮ್ಮಲ್ಲಿ ಎಂಟು ಮೂವತ್ತು.” ಎಂಟು ಇಂಚು ಅಂದರೆ ಹೆಚ್ಚುಕಡಿಮೆ ಸರ್ಕಾರದ ಕೆಂಪು ಗೆರೆ. ಇವರಿಬ್ಬರಿಗೆ ಅದು ಮೂವತ್ತು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್) ಅಂತರದಲ್ಲಿ ಗೆದ್ದ ಪಂದ್ಯ. ಸೋತ ಭಾವ ಆ ದಿನವೆಲ್ಲ ಸಿಡುಕುತ್ತಿರುತ್ತಾನೆ. ಮಾಪಕದ ಮೇಲೆ ಬಾಳೆ ಎಲೆ ಬಾಗಿತ್ತು, ಇಲ್ಲದಿದ್ದರೆ ಎಂಟೂವರೆ ಆಗುತ್ತಿತ್ತು ಅಂತ ವಾದ ಬೇರೆ. ಇಂಥ ಜನರಿಗೆ ಮೂರು ಬಣ್ಣದ ಎಚ್ಚರಿಕೆ ಕೊಟ್ಟು ಹೆದರಿಸುವುದು ಆಗುವ ಕೆಲಸವಲ್ಲ. ನಾವು ಕಣ್ಣು ಬಿಟ್ಟುಕೊಂಡು ಕಾಯುವ ಸಂದೇಶ ಒಂದೇ: ನಾಳೆ ಶಾಲೆಗೆ ರಜೆಯೇ?

ಸರಿ, ಬೆಂಕಿಗೆ ಬರೋಣ. ಮಾರ್ಚಿನಲ್ಲಿ ಕಾಡಂಚಿನ ರಸ್ತೆಯಲ್ಲಿ ಹೋಗಿ ನೋಡಿ. ಒಂದು ಬದಿಯಲ್ಲಿ ಅರಣ್ಯ ಇಲಾಖೆಯ ಬೋರ್ಡು: ಕಾಡಿಗೆ ಬೆಂಕಿ ಹಚ್ಚುವುದು ಅಪರಾಧ. ಅದರ ಎದುರಿಗೇ ಹೋಮ್‌ಸ್ಟೇ ಬೋರ್ಡು: ಕ್ಯಾಂಪ್ ಫೈರ್ ಸೌಲಭ್ಯ ಇದೆ. ಹಗಲಿಡೀ ಅರಣ್ಯ ವಾಚರುಗಳು ಹಸಿ ಸೊಪ್ಪು ಹಿಡಿದು ಹುಲ್ಲಿನ ಬೆಂಕಿ ಬಡಿಯುತ್ತಾರೆ. ಹಸಿ ಸೊಪ್ಪೇ, ತಮಾಷೆಯಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹೀಗೆ ಬೆಂಕಿಗೆ ಎದುರು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ತರು. ರಾತ್ರಿಯಾದರೆ ಬೆಂಗಳೂರಿನಿಂದ ಬಂದವರು ದುಡ್ಡು ಕೊಟ್ಟು, ಒಣ ಬಾಣೆಯ ನಡುವೆ ಬೆಂಕಿ ಹಾಕಿಸಿ, ಸುತ್ತ ಕುಣಿಯುತ್ತಾರೆ. ಒಂದೇ ಬೆಂಕಿ. ಆಚೆ ಬದಿಗೆ ಜೈಲು, ಈಚೆ ಬದಿಗೆ ಜಿಎಸ್‌ಟಿ.

ಈಗ ನನ್ನ ಸ್ವಂತ ಕಥೆ. ಇದೇ ಮಾರ್ಚಿನಲ್ಲಿ ನಮ್ಮ ರಸ್ತೆಯ ತಿರುವಿನಲ್ಲಿ ಹುಲ್ಲು ತುಂಬಿದ ಲಾರಿಗೆ ಕರೆಂಟು ತಂತಿ ತಾಗಿತು. ಹುಲ್ಲು ಭಗ್ಗೆಂದಿತು. ನಾನು 101ಕ್ಕೆ ಫೋನ್ ಮಾಡಿದೆ. ನಮ್ಮ ಕಡೆ ಫೋನು ತನಗೆ ಮನಸ್ಸು ಬಂದ ರಾಜ್ಯದ ಟವರು ಹಿಡಿಯುತ್ತದೆ. ಆ ಕಡೆಯಿಂದ ಮಲಯಾಳಂ. ಬಹಳ ಸಭ್ಯ ಮನುಷ್ಯ. ನನ್ನ ಹರಕು ಮಲಯಾಳಂ ಕೇಳಿಸಿಕೊಂಡು, ಬೆಂಕಿಯೋ ಹಾವೋ ಅಂತ ವಿಚಾರಿಸಿ, ಇದು ಕೇರಳ ಅಂತ ಬೇಸರದಿಂದ ತಿಳಿಸಿದರು. ಆಮೇಲೆ ಪರಿಚಯದವರಿಂದ ನಮ್ಮ ಠಾಣೆಯ ನಂಬರು ಹುಡುಕಿ ಮಾಡಿದೆ. ಗಾಡಿ ಡ್ಯೂಟಿಯಲ್ಲಿದೆ, ಕಳಿಸುತ್ತೇವೆ ಅಂದರು.

ಅಷ್ಟರಲ್ಲಿ ಪಕ್ಕದ ತೋಟದ ಮಾವ ಕೆರೆಯ ಹತ್ತಿರ ಕಾಫಿ ಹೂವಿಗೆ ನೀರು ಬಿಡುತ್ತಿದ್ದ ಮೋಟಾರು ಇತ್ತಲ್ಲ, ಅದರ ಪೈಪನ್ನು ರಸ್ತೆಗೆ ತಿರುಗಿಸಿದರು. ತೋಟದ ಕೆಲಸದವರ ಲೈನ್ ಮನೆಯ ಹುಡುಗರು ನಾಲ್ಕು ಪೈಪು ಸೇರಿಸಿದರು. ಸ್ಪ್ರಿಂಕ್ಲರ್ ಜೆಟ್ಟನ್ನು ಇಬ್ಬರು ಅಪ್ಪಿಕೊಂಡು ಹಿಡಿದರು. ಅರ್ಧ ಲಾರಿ ಉಳಿಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುವ ಗಾದೆ ಇದೆ. ನಮ್ಮಲ್ಲಿ ಬಾವಿ, ಕೆರೆ, ಪೈಪು, ಮೋಟಾರು ಎಲ್ಲ ಮೊದಲೇ ಇತ್ತು. ಕಾಫಿ ಹೂವಿನ ಪುಣ್ಯ.

ಒಂದು ಗಂಟೆ ಕಳೆದು ಫೈರ್ ಇಂಜಿನ್ ಬಂತು. ಅದು ಎಲ್ಲಿತ್ತು ಗೊತ್ತಾ? ಗಣ್ಯರೊಬ್ಬರ ಹೆಲಿಕಾಪ್ಟರ್ ಇಳಿಯುವ ಮೈದಾನದಲ್ಲಿ. ಹೆಲಿಪ್ಯಾಡಿನಲ್ಲಿ ಒಂದು ಗಾಡಿ ನಿಲ್ಲಬೇಕು, ಅದು ನಿಯಮ, ತಕರಾರಿಲ್ಲ. ಆದರೆ ಧೂಳು ಏಳಬಾರದು ಅಂತ ಮೈದಾನಕ್ಕೆಲ್ಲ ನೀರು ಚಿಮುಕಿಸಿದ್ದೂ ಅದೇ ಗಾಡಿ. ಇಂಥ ಗಾಡಿಯಲ್ಲಿ ಸಾಮಾನ್ಯವಾಗಿ 4,500 ಲೀಟರ್ ಹಿಡಿಯುತ್ತದೆ. ಜೋರಾಗಿ ಬಿಟ್ಟರೆ ನಿಮಿಷಗಳ ಲೆಕ್ಕ, ಅಷ್ಟೇ. ಅದರಲ್ಲಿ ಅರ್ಧ ಧೂಳಿಗೆ. ಉಳಿದರ್ಧ ಹೊತ್ತುಕೊಂಡು ಬರುವಾಗ ದಾರಿಯಲ್ಲಿ ವೀಕೆಂಡ್ ಕಾರುಗಳ ಸಾಲು. ಸೈರನ್ ಹಾಕಿದರೆ ದಾರಿ ಬಿಡುವ ಬದಲು ಫೋನ್ ತೆಗೆದು ವಿಡಿಯೊ ಮಾಡುತ್ತಾರಂತೆ.

ಗಾಡಿ ನಿಲ್ಲುತ್ತಿದ್ದಂತೆ ಜನ ಬೈಯಲು ಶುರು ಮಾಡಿದರು. ಯಾರಿಗೆ? ಹೆಲಿಕಾಪ್ಟರಿನಲ್ಲಿ ಬಂದವರಿಗಲ್ಲ. ಗಾಡಿಯಿಂದ ಇಳಿದ ಆ ಐದಾರು ಹುಡುಗರಿಗೆ. ಅವರು ಒಂದು ಮಾತೂ ಆಡಲಿಲ್ಲ. ಉಳಿದ ಹುಲ್ಲು ಕೆದಕಿ, ಒಳಗಿನ ಕೆಂಡ ಹುಡುಕಿ, ನೀರು ಬಿಟ್ಟು, ಕತ್ತಲಾಗುವವರೆಗೆ ನಿಂತರು.

ಇಲ್ಲಿ ನನಗೆ ತಮಾಷೆ ಬರುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಹಗ್ಗ ಹಿಡಿದು ಕೆಸರಿಗಿಳಿದವರಲ್ಲಿ ಸೈನಿಕರಿದ್ದರು, ಊರ ಹುಡುಗರಿದ್ದರು, ಈ ಅಗ್ನಿಶಾಮಕದವರೂ ಇದ್ದರು. ಬಾವಿಗೆ ಬಿದ್ದ ಹಸು ಎತ್ತುವವರು ಇವರು. ರಸ್ತೆಗೆ ಬಿದ್ದ ಮರ ಕಡಿಯುವವರು ಇವರು. ಹೊಳೆಯಲ್ಲಿ ಮುಳುಗಿದ ಪ್ರವಾಸಿಯ ಹೆಣ ಹುಡುಕುವವರೂ ಇವರೇ. ಇವರನ್ನು ಬಿಸಿಲಲ್ಲಿ ಒಂದೂವರೆ ಗಂಟೆ ಸೆಲ್ಯೂಟಿಗೆ ನಿಲ್ಲಿಸಿ, ಒದ್ದೆ ಸೌದೆ ಊದಿಸಿ, ಅದನ್ನು ವಿಡಿಯೊ ಮಾಡಿ ನಗುತ್ತೇವೆ. ನಾಚಿಕೆಯಾಗಬೇಕು. ಇನ್ನೊಂದು ಗಾಡಿ ಕೊಡಿ ಅಂತ ಕೇಳಲು ಬಾಯಿಲ್ಲ ನಮಗೆ. ದಸರಾ ಮಂಟಪಕ್ಕೆ ಅನುದಾನ ಕಡಿಮೆಯಾದರೆ ಎಲ್ಲಿಲ್ಲದ ಬಾಯಿ ಬರುತ್ತದೆ.

ಇರಲಿ. ಪ್ರದರ್ಶನ ಮುಗಿದ ಮರುದಿನ ಒಂದು ಕೆಲಸಕ್ಕೆ ಸರ್ಕಾರಿ ಕಚೇರಿಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ, ಎಲ್ಲ ಕಡೆಯೂ ಹೀಗೇ ಇದೆ. ಗೋಡೆಯ ಮೇಲೆ, ಆರಡಿ ಎತ್ತರದ ಮೊಳೆಗೆ, ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ತೂಗುಹಾಕಿದ್ದರು. ಹೊಟ್ಟೆಯ ಮೇಲೆ ಆಯುಧ ಪೂಜೆಯ ವಿಭೂತಿ, ಕುಂಕುಮ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು ಅಂತ ನಿಯಮ, ವರ್ಷಕ್ಕೊಮ್ಮೆ ಮಾಡಿದ್ದಾರೆ. ಮಕ್ಕಳು ಎಳೆಯದ ಹಾಗೆ ಪಿನ್ನನ್ನು ತಂತಿಯಿಂದ ಬಿಗಿದು ಕಟ್ಟಿದ್ದಾರೆ. ಅದನ್ನು ಬಿಚ್ಚಲು ಕಟ್ಟಿಂಗ್ ಪ್ಲೇಯರ್ ಬೇಕು. ಕಟ್ಟಿಂಗ್ ಪ್ಲೇಯರ್ ಸ್ಟೋರ್ ರೂಮಿನಲ್ಲಿದೆ. ಸ್ಟೋರ್ ರೂಮಿನ ಕೀಲಿ ಇರುವವರು ರಜೆಯಲ್ಲಿದ್ದಾರೆ.

ಅದರ ಕೆಳಗೆ ಮರಳು ತುಂಬಿದ ಮೂರು ಕೆಂಪು ಬಕೆಟ್. ಒಂದರಲ್ಲಿ ಎಲೆಯಡಿಕೆ ಉಗಿದಿದ್ದರು. ಇನ್ನೊಂದರಲ್ಲಿ ಮರಳೇ ಇರಲಿಲ್ಲ, ಛತ್ರಿಗಳಿದ್ದವು. ಮೂರನೆಯದರಲ್ಲಿ ದೊಡ್ಡಪತ್ರೆ ಪೊದೆಯಾಗಿ ಬೆಳೆದಿತ್ತು. ಎಂಥ ಗಿಡ ಅಂತೀರಿ, ನಮ್ಮ ಮನೆಯ ಹಿತ್ತಲಲ್ಲಿ ಗೊಬ್ಬರ ಹಾಕಿದರೂ ಅಷ್ಟು ಬಂದಿಲ್ಲ. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಅಲ್ಲಿನ ಅಕ್ಕ ಒಬ್ಬರು, “ಮಳೆಗಾಲದ ಕೆಮ್ಮಿಗೆ ಒಳ್ಳೆಯದು ಅಣ್ಣಾ, ಬೇಕಾ?” ಅಂತ ಎರಡು ಕಡ್ಡಿ ಮುರಿದು ಕೊಟ್ಟರು. ನೆಟ್ಟಿದ್ದೇನೆ. ಒಂದು ಚಿಗುರಿದೆ.