ಡಿಂಗ ಬರದ ಪುಸ್ತಕ

ನನ್ನ ಕಾಮಿಕ್ಸ್ ಓದು ಶುರುವಾಗಿದ್ದು ಊರಿನ ಕಟಿಂಗ್ ಶಾಪಿನಲ್ಲಿ. ಬೆಂಚಿನ ಮೇಲೆ ಬಾಲಮಂಗಳದ ಹಳೇ ಸಂಚಿಕೆಗಳ ರಾಶಿ ಇರುತ್ತಿತ್ತು. ಡಿಂಗ ಅನ್ನುವ ಇಲಿ ಹಾರಿಕೊಂಡು ಬಂದು ತನಗಿಂತ ಹತ್ತು ಪಟ್ಟು ದೊಡ್ಡವರಿಗೆಲ್ಲ ಬಾರಿಸುತ್ತಿದ್ದ. ತೊಂದರೆ ಒಂದೇ, ಕೊನೇ ಹಾಳೆ ಇರುತ್ತಿರಲಿಲ್ಲ. ಶೇವಿಂಗ್ ಮಾಡುವಾಗ ಕತ್ತಿಗೆ ಅಂಟಿದ ನೊರೆ ಒರೆಸೋಕೆ ಅಂಗಡಿಯವರು ಅದನ್ನೇ ಹರಿಯುತ್ತಿದ್ದರು. ಡಿಂಗ ಗೆದ್ದನೋ ಇಲ್ಲವೋ ಗೊತ್ತಾಗದೆ, ತಲೆ ಹಗುರ ಮಾಡಿಕೊಂಡು, ಮನಸ್ಸು ಭಾರ ಮಾಡಿಕೊಂಡು ಮನೆಗೆ ಬರುತ್ತಿದ್ದೆ.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳ ಚಟ ಹತ್ತಿತು. ಅಲ್ಲಿ ಸಿಕ್ಕಿದ್ದು ‘ಅಮೆರಿಕನ್ ಸ್ಪ್ಲೆಂಡರ್’. ಹೆಸರು ನೋಡಿ ಯಾವನೋ ಹಾರುವ ಹೀರೋ ಇರಬೇಕು ಅಂದುಕೊಂಡೆ. ಮನೆಗೆ ಬಂದು ತೆಗೆದರೆ ಹಾರ್ವಿ ಪೀಕರ್! ಕ್ಲೀವ್‌ಲ್ಯಾಂಡ್ ಊರಿನ ಆಸ್ಪತ್ರೆಯಲ್ಲಿ ಫೈಲು ಜೋಡಿಸುವ ಗುಮಾಸ್ತ. 1976ರಿಂದ ತನ್ನ ಬದುಕನ್ನೇ ಕಾಮಿಕ್ಸ್ ಮಾಡಿ, ಸ್ವಂತ ದುಡ್ಡು ಹಾಕಿ ಅಚ್ಚು ಹಾಕಿಸುತ್ತಿದ್ದ. ಪುಣ್ಯಾತ್ಮನಿಗೆ ಚಿತ್ರ ಬಿಡಿಸೋಕೂ ಬರುತ್ತಿರಲಿಲ್ಲ. ಕಡ್ಡಿ ಗೊಂಬೆ ಗೀಚಿ ಬೇರೆಯವರ ಕೈಲಿ ಬರೆಸುತ್ತಿದ್ದ. ಒಂದು ಕಥೆಯಲ್ಲಿ ಸೂಪರ್ ಮಾರ್ಕೆಟ್ಟಿನ ಕ್ಯೂನಲ್ಲಿ ಅಜ್ಜಿಯೊಬ್ಬರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಾನೆ. ಅಷ್ಟೇ. ಕಥೆ ಮುಗೀತು.

ಮಾರನೇ ಶನಿವಾರ ಅಂಗಡಿಗೆ ವಾಪಸ್ ಹೋದೆ. “ಸಾರ್, ಇದರಲ್ಲಿ ಹಾಳೆ ಹರಿದಿದೆ.” ಅವರು ಕನ್ನಡಕ ಏರಿಸಿ ಒಂದೊಂದೇ ಪುಟ ಎಣಿಸಿದರು. “ಎಲ್ಲಾ ಇದೆ ಸಾರ್. ಅದು ಇರೋದೇ ಹಾಗೆ.” ಹಿಂದೆ ನಿಂತಿದ್ದ ಹುಡುಗಿ ಕಿಸಕ್ಕೆಂದಳು. ಅವಮಾನ ತಡೆಯಲಾರದೆ ಇನ್ನೂ ಎರಡು ಕಾಮಿಕ್ಸ್ ಕೊಂಡೆ.

ಅದರಲ್ಲೊಂದು ‘ಭೀಮಾಯಣ’, 2011ರದ್ದು. ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿ ಅಂಬೇಡ್ಕರ್ ಅವರ ಬದುಕನ್ನು ಗೊಂಡ ಬುಡಕಟ್ಟಿನ ಚಿತ್ರಕಲೆಯಲ್ಲಿ ಬಿಡಿಸಿದ್ದಾರೆ. ಚೌಕಟ್ಟುಗಳೇ ಇಲ್ಲ! ಎಡದಿಂದಲೋ ಮೇಲಿನಿಂದಲೋ ತಿಳಿಯದೆ ಮೊದಲ ಸಲ ಪುಸ್ತಕ ತಿರುಗಿಸಿ ತಿರುಗಿಸಿ ಓದಿದೆ. ಆದರೆ ಮಾತಿನ ಗುಳ್ಳೆಗಳು ನೋಡಿ, ಅದು ಸೊಗಸು. ಮೆದು ಮಾತಿಗೆ ಹಕ್ಕಿಯ ಆಕಾರ, ವಿಷದ ಮಾತಿಗೆ ಚೇಳಿನ ಕೊಂಡಿ. ನನಗೆ ಅದೇ ಗುಂಗು. ಆಫೀಸಿನ ಮೀಟಿಂಗಿನಲ್ಲಿ ಮ್ಯಾನೇಜರು ಮಾತಾಡುತ್ತಿದ್ದಾಗ ನೋಟ್‌ಬುಕ್ಕಿನಲ್ಲಿ ಸುಮ್ನೆ ಒಂದು ಕೊಂಡಿ ಬರೆದೆ. ಅವರು ಬಗ್ಗಿ ನೋಡಿದರು.

“ಏನ್ರೀ ಇದು?”

“ಈ ವರ್ಷದ ಸೇಲ್ಸ್ ಸಾರ್.”

“ಕೊನೆಯಲ್ಲಿ ಯಾಕೆ ಬಾಗಿದೆ?”

ಅರ್ಧ ಗಂಟೆ ಅದಕ್ಕೆ ಕಾರಣ ಕೊಟ್ಟೆ.

ಇನ್ನೊಂದು ಪುಸ್ತಕ ಆರ್ಟ್ ಸ್ಪೀಗಲ್‌ಮನ್‌ನ ‘ಮೌಸ್’. 1992ರಲ್ಲಿ ಪುಲಿಟ್ಜರ್ ಪಡೆದದ್ದು. ಅವನ ಅಪ್ಪ ನಾಜಿಗಳ ಸಾವಿನ ಕ್ಯಾಂಪು ಆಶ್‌ವಿಟ್ಜ್‌ನಿಂದ ಬದುಕಿ ಬಂದ ಕಥೆ. ಯಹೂದಿಗಳು ಇಲಿಗಳು, ಜರ್ಮನ್ನರು ಬೆಕ್ಕುಗಳು. ಅರ್ಧ ಓದಿ ಟೇಬಲ್ ಮೇಲಿಟ್ಟು ಆಫೀಸಿಗೆ ಹೋಗಿದ್ದೆ. ನವರಾತ್ರಿಗೆ ಅಂತ ಊರಿಂದ ಅಮ್ಮ ಬಂದಿದ್ದರು.

ಸಂಜೆ ಬಂದು ನೋಡಿದರೆ ಸರಸ್ವತಿ ಪೂಜೆ ಆಗಿಹೋಗಿದೆ. ಭಗವದ್ಗೀತೆ, ಪಂಚಾಂಗ, ನನ್ನ ಪಾಸ್‌ಬುಕ್. ಎಲ್ಲದರ ಮೇಲೆ ‘ಮೌಸ್’, ಅದಕ್ಕೆ ಸೇವಂತಿಗೆ, ಅರಿಶಿನ, ಕುಂಕುಮ.

“ಅಮ್ಮಾ, ಇದನ್ನ ಯಾಕೆ ಇಟ್ಟೆ?”

“ಮೇಲೆ ಸ್ವಸ್ತಿಕ, ಕೆಳಗೆ ಇಲಿ. ಗಣಪತಿ ಪುಸ್ತಕ ಅಲ್ವೇನೋ? ಸ್ವಲ್ಪ ಸೊಟ್ಟಗೆ ಬರೆದಿದ್ದಾರೆ, ಇರಲಿ ಬಿಡು. ನಡುವೆ ಬೆಕ್ಕು ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ.”

“ಅದು ಬೆಕ್ಕಲ್ಲಮ್ಮ, ಹಿಟ್ಲರ್.”

ಅಮ್ಮ ಮಂಗಳಾರತಿ ತಟ್ಟೆ ಕೆಳಗಿಟ್ಟರು. ಪೂಜೆಗಿಟ್ಟ ಪುಸ್ತಕ ವಿಜಯದಶಮಿವರೆಗೆ ತೆಗೆಯೋ ಹಾಗಿಲ್ಲ. ಹಾಗಾಗಿ ಅಲ್ಲೇ ಚಾಪೆ ಮೇಲೆ ಕೂತು, ಓದಿದಷ್ಟು ಕಥೆ ಬಾಯಲ್ಲೇ ಹೇಳಿದೆ. ಬಚ್ಚಿಟ್ಟುಕೊಂಡಿದ್ದು, ಸಿಕ್ಕಿಬಿದ್ದಿದ್ದು, ರೈಲು, ಕ್ಯಾಂಪು. ಒಲೆ ಮೇಲಿನ ಕುಕ್ಕರ್ ನಾಲ್ಕು ಸಲ ಕೂಗಿದರೂ ಅಮ್ಮ ಏಳಲಿಲ್ಲ.

“ಈ ಇಲಿಗಳನ್ನ ಬಿಡಿಸೋಕೆ ಯಾರೂ ಬರಲ್ವಾ? ಆ ನಿನ್ನ ಡಿಂಗ?”

“ಇದರಲ್ಲಿ ಡಿಂಗ ಇಲ್ಲಮ್ಮ.”

ಅಮ್ಮ ಎದ್ದು ಸೆರಗಿನ ತುದಿಯಿಂದ ಸೊಟ್ಟ ಸ್ವಸ್ತಿಕದ ಕುಂಕುಮ ಒರೆಸಿದರು. ಪೂರ್ತಿ ಹೋಗಲಿಲ್ಲ, ಹಿಟ್ಲರನ ಮೂತಿ ಕೆಂಪಾಯಿತು. ಆಮೇಲೆ ಬಟ್ಟಲಿಗೆ ಬೆರಳದ್ದಿ, ಕೆಳಗೆ ಒಂದಕ್ಕೊಂದು ಅಂಟಿಕೊಂಡು ಕೂತಿದ್ದ ಎರಡು ಇಲಿಗಳ ಹಣೆಗೂ ಒಂದೊಂದು ಬೊಟ್ಟು ಇಟ್ಟು, ಸಾರಿಗೆ ಒಗ್ಗರಣೆ ಹಾಕೋಕೆ ಒಳಗೆ ಹೋದರು.

ಮೊನ್ನೆ ಸ್ನೇಹಿತನೊಬ್ಬ ಕಪಾಟಿನಿಂದ ಆ ಪುಸ್ತಕ ಎತ್ತಿಕೊಂಡು ಕೇಳಿದ: “ಇದು ಇಂಡಿಯನ್ ಎಡಿಷನ್ನಾ?”