ಮಕ್ಕಳನ್ನ ಅಡುಗೆಮನೆಗೂ ಬಿಡಿ, ಎಳ್ಳು ಬೀರೋಕೂ ಕಳಿಸಿ

ಬೇಸಿಗೆ ರಜಾ ಬಂತು ಅಂದ್ರೆ ಸಾಕು, ವಾಟ್ಸಾಪ್ ಗ್ರೂಪಲ್ಲಿ ಸಂಸ್ಕಾರ ಶಿಬಿರದ ಪೋಸ್ಟರ್‌ಗಳು ಶುರು. ಶ್ಲೋಕ, ಯೋಗ, ನೀತಿಕಥೆ. ಕಳಿಸಿ, ಒಳ್ಳೇದೇ. ಆದ್ರೆ "ಎಲ್ಲರನ್ನೂ ಸಮಾನವಾಗಿ ಕಾಣಬೇಕು" ಅಂತ ಅಲ್ಲಿ ಕಲಿತು ಬಂದ ಮಗು ಮನೇಲಿ ನೋಡೋದೇನು? ಕೆಲಸಕ್ಕೆ ಬರೋ ಆಂಟಿಗೆ ಅಂತಲೇ ಬೇರೆ ಲೋಟ, ಅದೂ ಸಿಂಕ್ ಪಕ್ಕ ಕಿಟಕಿ ಮೇಲೆ ಬೋರಲು ಹಾಕಿರೋದು. 1950ರಿಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ನಿಷೇಧ ಅಂತ ಹೇಳ್ತಾನೇ ಇದೆ, ನಮ್ಮ ಮಕ್ಕಳು ಅದನ್ನ ಓದಿ ಪರೀಕ್ಷೇಲಿ ಪೂರ್ತಿ ಮಾರ್ಕ್ಸೂ ತಗೋತಾರೆ, ಲೋಟ ಮಾತ್ರ ಕಿಟಕಿ ಮೇಲೇ ಇದೆ. ಮಗು ನಂಬೋದು ಆ ಲೋಟನ ಕಣ್ರೀ, ಪುಸ್ತಕನ ಅಲ್ಲ.

ನಮ್ದು ತಿಪಟೂರು ಕಡೆ, ಕೊಬ್ಬರಿ ಸೀಮೆ. ಸಂಕ್ರಾಂತಿಗೆ ವಾರ ಇದ್ದ ಹಾಗೇ ಅಜ್ಜಿ ಮನೆಮಕ್ಕಳನ್ನೆಲ್ಲ ಜಗಲಿ ಮೇಲೆ ಕೂರಿಸೋರು, ಕೊಬ್ಬರಿ ಕರಿ ಸಿಪ್ಪೆ ಹೆರೀಬೇಕು, ಸಣ್ಣಗೆ ಹೆಚ್ಚಬೇಕು, ಬೆಲ್ಲದ ಅಚ್ಚನ್ನ ಅಡಕತ್ತರೀಲಿ ಕತ್ತರಿಸಿ ಬಿಸಿಲಿಗೆ ಹಾಕಬೇಕು, ಕಡ್ಲೆಕಾಯಿ ಬೀಜ ಹುರಿದು ಸಿಪ್ಪೆ ಊದಬೇಕು, ಮಧ್ಯೆ ಬಾಯಿಗೆ ಹಾಕ್ಕೊಂಡ್ರೆ ಅಜ್ಜಿ ನೋಡಿಯೂ ನೋಡದ ಹಾಗೆ ಇರೋರು. ಈಗ ಅಂಗಡೀಲಿ ರೆಡಿ ಪ್ಯಾಕೆಟ್ ಸಿಗುತ್ತೆ. ಬೆಂಗಳೂರಲ್ಲಿದ್ರೂ ನಾನು ತರಲ್ಲ. ಮಗಳು, ಮಗ ಇಬ್ರನ್ನೂ ಕೂರಿಸ್ತೀನಿ. "ಗಂಡು ಹುಡುಗನ್ನ ಯಾಕ್ರೀ ಇದಕ್ಕೆಲ್ಲ ಕೂರಿಸ್ತೀರ" ಅಂತ ಕೇಳಿದೋರಿದಾರೆ. ಅವನೂ ತಿಂತಾನಲ್ವಾ ಅಂದೆ, ಅಷ್ಟೇ.

ಬೀರೋಕೆ ಹೋಗೋದೂ ಅವರಿಬ್ರೇ. ಮೊದಲ ಡಬ್ಬಿ ನಮ್ಮ ಬಿಲ್ಡಿಂಗ್ ವಾಚ್‌ಮನ್ ಮನೆಗೆ, ಆಮೇಲೆ ಮಿಕ್ಕ ಫ್ಲಾಟ್‌ಗಳಿಗೆ. ಅವರು ರಾಯಚೂರು ಕಡೆಯೋರು. ಹೋದ ಸಲ ಅವರ ಹೆಂಡ್ತಿ ಅದೇ ಡಬ್ಬೀಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಟ್ಟು ಮೇಲೆ ತಂದುಕೊಟ್ರು, "ಖಾಲಿ ಡಬ್ಬಿ ಹೆಂಗ ಕೊಡೂದ್ರಿ ಅಕ್ಕಾರ" ಅಂತ. ಮಕ್ಕಳು ಬಾಗಿಲಲ್ಲೇ ನಿಂತು ಮುರಕೊಂಡು ತಿಂದ್ರು. ನಾವು ಕೊಡೋರು ಅವರು ಇಸ್ಕೊಳ್ಳೋರು ಅನ್ನೋ ಭಾವನೆ ಮಕ್ಕಳ ತಲೇಲಿ ಕೂರೋ ಮುಂಚೆ ಇಂಥದ್ದು ನಡೀಬೇಕು. ತುಮಕೂರು ಜಿಲ್ಲೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿ ಭೇದ ಇಲ್ಲದೆ ಒಂದೇ ಸಾಲಲ್ಲಿ ಕೂತು ಉಣ್ಣೋದನ್ನ ನೋಡ್ಕೊಂಡು ಬೆಳೆದಿದೀವಿ.

ಇನ್ನೊಂದು ವಿಷ್ಯ. ಉಂಡ ತಟ್ಟೆ ಮಗ ಅಲ್ಲೇ ಬಿಟ್ಟು ಎದ್ದು ಹೋಗ್ತಾನೆ, ಅಕ್ಕ ಎತ್ತುತಾಳೆ, ಅಪ್ಪ ಸೋಫಾದಿಂದಲೇ ನೀರು ಕೇಳ್ತಾರೆ. ಆ ಮನೇಲಿ "ಹೆಣ್ಣುಮಕ್ಕಳಿಗೆ ಗೌರವ ಕೊಡಬೇಕು ಪುಟ್ಟ" ಅಂತ ದಿನಕ್ಕೆ ಹತ್ತು ಸಲ ಹೇಳಿದ್ರೂ ಏನು ಬಂತು? ಮೊದಲು ಅಪ್ಪ ತನ್ನ ತಟ್ಟೆ ಎತ್ತಲಿ. ಸಾರು ಬಡಿಸ್ಕೊಳ್ಳೋ ಮುಂಚೆ ಅಮ್ಮಂಗೆ ಉಳಿದಿದ್ಯಾ ಅಂತ ಪಾತ್ರೆ ಒಳಗೆ ಒಂದು ಸಲ ನೋಡೋ ಅಭ್ಯಾಸ ಮಗನಿಗೆ ತಾನಾಗೇ ಬರುತ್ತೆ.

ಇಬ್ರೂ ಕೆಲಸಕ್ಕೆ ಹೋಗ್ತೀವಿ, ಟೈಮ್ ಎಲ್ಲಿದೆ ಅಂತೀರ, ನಿಜ, ನಮ್ಮನೇಲೂ ಅದೇ ಕಥೆ. ಬೇರೆ ಟೈಮ್ ಏನೂ ಬೇಡ. ಅವರೆಕಾಯಿ ಸೀಸನ್‌ನಲ್ಲಿ ಒಂದು ಭಾನುವಾರ ನೆನೆಸಿದ ಕಾಳನ್ನ ಮಧ್ಯಕ್ಕಿಟ್ಟು ಫೋನ್ ಒಳಗಿಟ್ಟು ಎಲ್ಲರೂ ಹಿಸುಕೋಕೆ ಕೂತ್ಕೊಳ್ಳಿ. ಮೊದಲು ಗೊಣಗ್ತಾರೆ. ಆಮೇಲೆ ಸ್ಕೂಲಲ್ಲಿ ಯಾರು ಯಾರನ್ನ ಏನಂದ್ರು, ಯಾರ ಡಬ್ಬಿ ಊಟ ಯಾರೂ ಮುಟ್ಟಲ್ಲ, ಎಲ್ಲಾ ತಾವಾಗೇ ಹೇಳ್ತಾರೆ. ಆಗ ಕೇಳಿಸ್ಕೊಳ್ಳಿ.